ಗದ್ದ ಎತ್ತುವ ಹೆಲ್ಮೆಟ್: ನಿಮ್ಮ ತಲೆಗೆ ಸರಿಯಾಗಿ ಕೂರೋದನ್ನ ಆರಿಸೋದು ಹೇಗೆ?

ಬೈಕ್ ತಗೊಳ್ಳೋ ಮುಂಚೆ ನಾವು ಎರಡು ತಿಂಗಳು ರಿವ್ಯೂ ನೋಡ್ತೀವಿ. ಮೈಲೇಜ್ ಎಷ್ಟು, ಟಾರ್ಕ್ ಎಷ್ಟು, ಸೀಟ್ ಹೈಟ್ ಎಷ್ಟು, ಎಲ್ಲ ಬಾಯಿಪಾಠ. ಹೆಲ್ಮೆಟ್ ವಿಷಯಕ್ಕೆ ಬಂದ್ರೆ ಮಾತ್ರ ಅಂಗಡಿಯಲ್ಲಿ ಐದೇ ನಿಮಿಷ. ಕಲರ್ ನೋಡಿ, ತಲೆ ಒಳಗೆ ಹೋಯ್ತಾ ನೋಡಿ, ರೇಟ್ ಕೇಳಿ, ಮುಗೀತು. ಆ ಐದು ನಿಮಿಷವನ್ನ ಅರ್ಧ ಗಂಟೆ ಮಾಡಿದ್ರೆ ಏನೇನು ನೋಡಬೇಕು ಅನ್ನೋದೇ ಈ ಪಾಠ. ಅದರಲ್ಲೂ ಈಗ ನಮ್ಮಲ್ಲಿ ತುಂಬಾ ಜನ ಕೇಳ್ತಿರೋ ಮಾಡ್ಯುಲರ್ ಹೆಲ್ಮೆಟ್ ಬಗ್ಗೆ.

ಮಾಡ್ಯುಲರ್ ಅಂದ್ರೇನು, ಯಾರಿಗೆ ಬೇಕು?

ನೋಡೋಕೆ ಫುಲ್ ಫೇಸ್ ಥರಾನೇ ಇರುತ್ತೆ. ಆದರೆ ಗದ್ದದ ಮುಂದೆ ಬರುವ ಗಟ್ಟಿ ಭಾಗವನ್ನ ಒಂದು ಬಟನ್ ಒತ್ತಿ ಮೇಲಕ್ಕೆ ಎತ್ತಬಹುದು. ಅಂಗಡಿಗಳಲ್ಲಿ ಫ್ಲಿಪ್ ಅಪ್ ಅಂತಾನೂ ಕರೀತಾರೆ. ಜರ್ಮನಿಯ ಬಿಎಂಡಬ್ಲ್ಯೂ 1981ರಲ್ಲೇ ಇಂಥದ್ದನ್ನ ‘ಸಿಸ್ಟಮ್ ಹೆಲ್ಮೆಟ್’ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ತಂದಿತ್ತು. ಅಂದ್ರೆ ಐಡಿಯಾ ಹೊಸದಲ್ಲ, ನಮ್ಮ ಬಜೆಟ್‌ಗೆ ಬಂದದ್ದು ಈಚೆಗೆ.

ಇದರ ನಿಜವಾದ ಉಪಯೋಗ ನನಗೆ ಅರ್ಥ ಆಗಿದ್ದು ನಮ್ಮ ಅಪ್ಪನಿಂದ. ಅವರು ದಿನಾ ಊರಿಂದ ಪೇಟೆಗೆ 22 ಕಿಲೋಮೀಟರ್ ಬೈಕಲ್ಲಿ ಹೋಗಿ ಬರ್ತಾರೆ. ಕನ್ನಡಕ ಹಾಕ್ತಾರೆ. ಫುಲ್ ಫೇಸ್ ಹಾಕಬೇಕಾದ್ರೆ ಮೊದಲು ಕನ್ನಡಕ ತೆಗೀಬೇಕು, ಹೆಲ್ಮೆಟ್ ಹಾಕಿ ಮತ್ತೆ ಕನ್ನಡಕ ತೂರಿಸಬೇಕು. ದಾರಿಯಲ್ಲಿ ಪರಿಚಯದವರು ಕೈ ಅಡ್ಡ ಹಾಕಿದ್ರೆ ಮತ್ತೆ ಎಲ್ಲ ತೆಗೀಬೇಕು. ಹೀಗಾಗಿ ಅವರ ಹೆಲ್ಮೆಟ್ ತಲೆಗಿಂತ ಹೆಚ್ಚಾಗಿ ಪೆಟ್ರೋಲ್ ಟ್ಯಾಂಕ್ ಮೇಲೇ ಇರ್ತಿತ್ತು. ಟ್ಯಾಂಕ್ ಮೇಲಿರೋ ಹೆಲ್ಮೆಟ್ ಎಷ್ಟು ಒಳ್ಳೇದಾದ್ರೂ ಒಂದೇ, ಇಲ್ಲದಿದ್ರೂ ಒಂದೇ. ದಸರಾ ರಜೆಯಲ್ಲಿ ಅವರಿಗೆ ಒಂದು ಮಾಡ್ಯುಲರ್ ಕೊಡಿಸೋಕೆ ಅಂತ ಓದಿ, ಅಂಗಡಿ ಅಂಗಡಿ ಸುತ್ತಿ ತಿಳ್ಕೊಂಡದ್ದೇ ಕೆಳಗಿರೋದು.

ಮೊದಲು ಸ್ವಲ್ಪ ಫಿಸಿಕ್ಸ್

1.8 ಮೀಟರ್ ಎತ್ತರದಿಂದ ತಲೆ ನೆಲಕ್ಕೆ ಬಿತ್ತು ಅಂತ ಇಟ್ಕೊಳ್ಳಿ. ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ ಸುಮಾರು 5.9 ಮೀಟರ್, ಅಂದ್ರೆ ಗಂಟೆಗೆ 21 ಕಿಲೋಮೀಟರ್. ಬೈಕ್ ನಿಂತಿದ್ರೂ ಇಷ್ಟು ವೇಗ ಬರೀ ಗುರುತ್ವದಿಂದಲೇ ಬರುತ್ತೆ. “ಪಕ್ಕದ ಹಾಸ್ಟೆಲ್‌ಗೆ ಹೋಗ್ತಿದ್ದೀನಿ, ಸ್ಪೀಡೇ ಇಲ್ಲ” ಅನ್ನೋರು ಇದನ್ನ ಇನ್ನೊಂದು ಸಲ ಓದಿ.

ಈಗ ಈ ವೇಗ ಸೊನ್ನೆ ಆಗಬೇಕು. ಸರಾಸರಿ ವೇಗೋತ್ಕರ್ಷ ಬೇಕಂದ್ರೆ ವೇಗದ ವರ್ಗವನ್ನ ನಿಲ್ಲುವ ದೂರದ ಎರಡರಷ್ಟರಿಂದ ಭಾಗಿಸಬೇಕು, ಪಿಯುಸಿಯಲ್ಲಿ ಓದಿದ್ದೇ. ಬರಿತಲೆ ಕಾಂಕ್ರೀಟಿಗೆ ಬಡಿದು 2 ಮಿಲಿಮೀಟರ್‌ನಲ್ಲಿ ನಿಂತ್ರೆ ಸುಮಾರು 900 ಜಿ. ಅದೇ ಹೆಲ್ಮೆಟ್ ಒಳಗಿನ ಥರ್ಮಾಕೋಲ್ 25 ಮಿಲಿಮೀಟರ್ ಜಜ್ಜಿ ನಿಲ್ಲಿಸಿದ್ರೆ ಸುಮಾರು 72 ಜಿ. ಹೆಲ್ಮೆಟ್ ಮಾಡೋ ಕೆಲಸ ಇಷ್ಟೇ, ನಿಲ್ಲೋಕೆ ದೂರ ಕೊಡೋದು. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನ ಹರಡುತ್ತೆ, ಒಳಗಿನ ಥರ್ಮಾಕೋಲ್ ಜಜ್ಜಿಹೋಗಿ ಶಕ್ತಿ ಹೀರುತ್ತೆ. ಒಮ್ಮೆ ಜಜ್ಜಿದ ಥರ್ಮಾಕೋಲ್ ವಾಪಸ್ ಉಬ್ಬಲ್ಲ. ಅದಕ್ಕೇ ಆಕ್ಸಿಡೆಂಟ್ ಆದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡ್ರೂ ಬದಲಾಯಿಸಬೇಕು, ಯಾರದೋ ಹಳೇ ಹೆಲ್ಮೆಟ್ ತಗೋಬಾರದು.

ಇದಕ್ಕೂ ಫಿಟ್ಟಿಂಗ್‌ಗೂ ಏನು ಸಂಬಂಧ? ತಲೆಗೆ ತಾಗೋ ಮೆತ್ತನೆಯ ಬಟ್ಟೆ ಸ್ಪಂಜು ಬರೀ ಆರಾಮಕ್ಕೆ, ಅದು ಹೆಚ್ಚೇನೂ ಹೀರಲ್ಲ. ಹೆಲ್ಮೆಟ್ ಲೂಸ್ ಇದ್ರೆ ಬೀಳುವಾಗಲೇ ಅದು ಹಿಂದಕ್ಕೋ ಪಕ್ಕಕ್ಕೋ ಜಾರುತ್ತೆ. ಪೆಟ್ಟು ಬೀಳೋ ಜಾಗದಲ್ಲಿ ಥರ್ಮಾಕೋಲೇ ಇರಲ್ಲ. ಮೊದಲ ಪೆಟ್ಟಿಗೇ ಕಳಚಿ ಹೋದ್ರೆ ಎರಡನೇ ಪೆಟ್ಟು ಬರಿತಲೆಗೆ.

ಅಳತೆ: ಸುತ್ತಳತೆ ಒಂದೇ ಸಾಲದು

ಟೈಲರ್ ಟೇಪ್ ತಗೊಳ್ಳಿ. ಹುಬ್ಬಿನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಮೇಲೆ, ಕಿವಿಗಳ ಮೇಲಿಂದ, ಹಿಂದೆ ತಲೆ ಅತಿ ಹೆಚ್ಚು ಉಬ್ಬಿರೋ ಜಾಗದ ಮೇಲೆ ಸುತ್ತಿ. ಮೂರು ಸಲ ಅಳೆದು ದೊಡ್ಡ ಸಂಖ್ಯೆ ಇಟ್ಕೊಳ್ಳಿ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ 580 ಎಂಎಂ ಅಂದ್ರೆ ಮೀಡಿಯಂ, 600 ಎಂಎಂ ಅಂದ್ರೆ ಲಾರ್ಜ್. ಆದ್ರೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ, ಅವರವರ ಚಾರ್ಟ್ ನೋಡಲೇಬೇಕು. ಜಡೆ ಹಾಕೋರು ಬೈಕ್ ಓಡಿಸೋವಾಗ ಹೇಗೆ ಕಟ್ಟಿರ್ತೀರೋ ಹಾಗೇ ಕಟ್ಟಿ ಅಳೀರಿ. ತುರುಬು, ದೊಡ್ಡ ಕ್ಲಿಪ್ ಇದ್ರೆ ಯಾವ ಹೆಲ್ಮೆಟ್ಟೂ ಸರಿಯಾಗಿ ಕೂರಲ್ಲ. ಕುತ್ತಿಗೆ ಹತ್ತಿರ ಕೆಳಗೆ ಕಟ್ಟಿದ ಜಡೆ ಒಳ್ಳೇದು.

ಇಲ್ಲೇ ಒಂದು ಟ್ರಿಕ್ ಇದೆ. ಒಬ್ಬನ ತಲೆ ಮೇಲಿಂದ ನೋಡಿದ್ರೆ 20 ಸೆಂಟಿಮೀಟರ್ ಉದ್ದ, 16.8 ಅಗಲ. ಇನ್ನೊಬ್ಬನದು 19.2 ಉದ್ದ, 17.6 ಅಗಲ. ಎರಡನ್ನೂ ದೀರ್ಘವೃತ್ತ ಅಂತ ತಗೊಂಡು ಸುತ್ತಳತೆ ಲೆಕ್ಕ ಹಾಕಿ, ಎರಡೂ ಹೆಚ್ಚುಕಡಿಮೆ 58! ಚಾರ್ಟ್ ಪ್ರಕಾರ ಇಬ್ಬರಿಗೂ ಮೀಡಿಯಂ. ಆದ್ರೆ ಒಬ್ಬನಿಗೆ ಸರಿ ಕೂತದ್ದು ಇನ್ನೊಬ್ಬನಿಗೆ 8 ಮಿಲಿಮೀಟರ್ ವ್ಯತ್ಯಾಸ. ಹಣೆ ಮಧ್ಯ ಒತ್ತಿ ನೋಯ್ತಿದೆ, ಪಕ್ಕದಲ್ಲಿ ಸಂದಿ ಇದೆ ಅಂದ್ರೆ ನಿಮ್ಮ ಉದ್ದ ತಲೆಗೆ ಆ ಹೆಲ್ಮೆಟ್ ಜಾಸ್ತಿ ದುಂಡಗಿದೆ. ಕಿವಿಯ ಮೇಲೆ ಎರಡೂ ಪಕ್ಕ ಹಿಂಡುತ್ತೆ, ಹಣೆ ಮುಂದೆ ಖಾಲಿ ಇದೆ ಅಂದ್ರೆ ನಿಮ್ಮ ದುಂಡು ತಲೆಗೆ ಅದು ಜಾಸ್ತಿ ಉದ್ದ. ಆಗ ಸೈಜ್ ಬದಲಾಯಿಸಿದ್ರೆ ಪ್ರಯೋಜನ ಇಲ್ಲ, ಮಾಡೆಲ್ ಬದಲಾಯಿಸಿ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗಳು

1. ಗದ್ದದ ಭಾಗ ಎತ್ತಿ ಹೆಲ್ಮೆಟ್ ಹಾಕ್ಕೊಳ್ಳಿ, ಆಮೇಲೆ ಮುಚ್ಚಿ. ಫಿಟ್ಟಿಂಗ್ ನೋಡೋದು ಯಾವಾಗಲೂ ಮುಚ್ಚಿದಾಗಲೇ. ತೆರೆದಿದ್ದಾಗ ಆರಾಮ ಅನ್ನಿಸಿದ್ದು ಮುಚ್ಚಿದ ಮೇಲೆ ಗದ್ದಕ್ಕೆ ತಾಗಬಹುದು. ಗದ್ದಕ್ಕೂ ಒಳಗೋಡೆಗೂ ಮಧ್ಯೆ ಒಂದು ಬೆರಳಿನಷ್ಟಾದ್ರೂ ಜಾಗ ಬೇಕು.

2. ಸ್ಟ್ರಾಪ್ ಹಾಕಿ. ಸ್ಟ್ರಾಪ್ ಮತ್ತು ಗಂಟಲ ಮಧ್ಯೆ ಒಂದೆರಡು ಬೆರಳು ಮಾತ್ರ ಹೋಗಬೇಕು.

3. ಹೆಲ್ಮೆಟ್ ಹಿಡ್ಕೊಂಡು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಅಲ್ಲಾಡಿಸಿ. ಹಣೆ, ಕೆನ್ನೆಯ ಚರ್ಮ ಹೆಲ್ಮೆಟ್ ಜೊತೆಗೇ ಎಳೀಬೇಕು. ಹೆಲ್ಮೆಟ್ ಒಂದು ಕಡೆ, ಮುಖ ಒಂದು ಕಡೆ ಹೋದ್ರೆ ಲೂಸ್.

4. ಅತಿ ಮುಖ್ಯವಾದದ್ದು ಇದು. ಸ್ಟ್ರಾಪ್ ಹಾಕಿರೋವಾಗಲೇ ಫ್ರೆಂಡ್‌ಗೆ ಹೇಳಿ ಹೆಲ್ಮೆಟ್‌ನ ಹಿಂದಿನ ಕೆಳಅಂಚು ಹಿಡಿದು ಮೇಲಕ್ಕೆ, ಮುಂದಕ್ಕೆ ಎತ್ತಿಸಿ. ನಿಧಾನಕ್ಕೆ, ಕುತ್ತಿಗೆ ಉಳಿಸ್ಕೊಂಡು. ಕಳಚಿ ಬಂತು ಅಂದ್ರೆ ಎಷ್ಟು ಚೆಂದ ಇದ್ರೂ ವಾಪಸ್ ಇಡಿ.

5. 15–20 ನಿಮಿಷ ಹಾಕ್ಕೊಂಡೇ ಇರಿ. ಅಂಗಡಿಯವರು ಒಂಥರಾ ನೋಡ್ತಾರೆ, ನೋಡ್ಲಿ. ತೆಗೆದ ಮೇಲೆ ಹಣೆಯಲ್ಲಿ ಒಂದೇ ಕಡೆ ಗಾಢ ಕೆಂಪು ಗುರುತು, ನೋವು ಇದ್ರೆ ಬೇಡ. ಎಲ್ಲ ಕಡೆ ಸಮನಾಗಿ ಬಿಗಿ ಇದ್ದು ಕೆನ್ನೆ ಸ್ವಲ್ಪ ಉಬ್ಬಿ ಮಾತು ತೊದಲಿದ್ರೆ ಅದೇ ಸರಿ. ಕೆನ್ನೆಯ ಸ್ಪಂಜು ಕೆಲವು ವಾರದಲ್ಲಿ ಸಡಿಲ ಆಗುತ್ತೆ. ಇವತ್ತೇ ಆರಾಮಾಗಿರೋದು ಮೂರು ತಿಂಗಳಿಗೆ ಅಲ್ಲಾಡುತ್ತೆ.

ಅಪ್ಪನ ತಲೆ 58. ಅಂಗಡಿಯವರು ಮೊದಲು ಕೊಟ್ಟದ್ದು ಲಾರ್ಜ್. “ಸ್ವಲ್ಪ ಲೂಸ್ ಇರ್ಲಿ ಸರ್, ಗಾಳಿ ಆಡುತ್ತೆ” ಅಂದ್ರು. ಅಪ್ಪನಿಗೂ ಅದೇ ಇಷ್ಟ ಆಯ್ತು. ನಾನು ಹಿಂದಿನಿಂದ ಎತ್ತಿದೆ, ಸ್ಟ್ರಾಪ್ ಹಾಕಿದ್ದ ಹಾಗೇ ಹಣೆ ದಾಟಿ ಕಣ್ಣಿನ ಮುಂದೆ ಬಂತು. ಅಪ್ಪ ಒಂದು ನಿಮಿಷ ಸುಮ್ಮನಿದ್ದು, “ಮೀಡಿಯಂ ಕೊಡ್ರಿ” ಅಂದ್ರು.

ಮಾಡ್ಯುಲರ್‌ಗೇ ವಿಶೇಷವಾಗಿ ನೋಡಬೇಕಾದ್ದು

ಲಾಕ್: ಮುಚ್ಚಿದಾಗ ಎರಡೂ ಪಕ್ಕ ‘ಟಕ್’ ಅಂತ ಕೂರಬೇಕು. ಕೂತ ಮೇಲೆ ಗದ್ದದ ಭಾಗ ಹಿಡಿದು ಎಳೆದು ನೋಡಿ. ಹತ್ತು ಸಲ ತೆಗೆದು ಮುಚ್ಚಿ ನೋಡಿ. ಒಂದು ಪಕ್ಕ ಮಾತ್ರ ಕೂರ್ತಿದ್ರೆ ಅಥವಾ ಗಡಗಡ ಅಂದ್ರೆ ಬೇಡ. ಲಾಕ್‌ನ ಕೊಕ್ಕೆ ಲೋಹದ್ದಾದ್ರೆ ಒಳ್ಳೇದು. ಗ್ಲೌಸ್ ಹಾಕಿ ಒಂದೇ ಕೈಯಲ್ಲಿ ತೆಗೆಯೋಕೆ ಆಗಬೇಕು.

ಗದ್ದದ ಭಾಗವನ್ನ ಲಘುವಾಗಿ ತಗೋಬೇಡಿ. ಜರ್ಮನಿಯಲ್ಲಿ ಡೀಟ್ಮಾರ್ ಓಟ್ಟೆ ಅವರು ಅಪಘಾತವಾದ ಹೆಲ್ಮೆಟ್‌ಗಳನ್ನ ಅಧ್ಯಯನ ಮಾಡಿದಾಗ ಸುಮಾರು ಮೂರನೇ ಒಂದು ಭಾಗದಷ್ಟು ಪೆಟ್ಟು ಗದ್ದದ ಭಾಗದಲ್ಲೇ ಕಂಡಿತ್ತು.

ಗುರುತು: ಭಾರತದಲ್ಲಿ 2021ರ ಜೂನ್ 1ರಿಂದ ದ್ವಿಚಕ್ರ ಸವಾರರ ಹೆಲ್ಮೆಟ್‌ಗೆ ಐಎಸ್‌ಐ ಗುರುತು ಕಡ್ಡಾಯ. ಸ್ಟಿಕ್ಕರ್‌ನಲ್ಲಿ ಐಎಸ್ 4151 ಅಂತ ಇರುತ್ತೆ, ಕೆಳಗೆ ಲೈಸೆನ್ಸ್ ನಂಬರ್ ಇರುತ್ತೆ. ಆ ನಂಬರನ್ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ, ನಕಲಿ ಸ್ಟಿಕ್ಕರ್ ಆದ್ರೆ ಅಲ್ಲೇ ಸಿಕ್ಕಿಬೀಳುತ್ತೆ. ಕೆಲವು ಮಾಡೆಲ್‌ಗಳಿಗೆ ಯುರೋಪಿನ ಇಸಿಇ ಗುರುತೂ ಇರುತ್ತೆ. ಸ್ಟ್ರಾಪ್ ಮೇಲಿನ ಲೇಬಲ್‌ನಲ್ಲಿ ನಂಬರ್ ನಂತರ ಬರೋ ಅಕ್ಷರ ನೋಡಿ. ‘ಪಿ’ ಅಂದ್ರೆ ಗದ್ದದ ಭಾಗ ರಕ್ಷಣೆ ಕೊಡುತ್ತೆ ಅಂತ ಪರೀಕ್ಷೆ ಆಗಿದೆ. ‘ಜೆ’ ಅಂದ್ರೆ ಓಪನ್ ಫೇಸ್ ಆಗಿ ಪಾಸ್ ಆಗಿದೆ. ಎರಡೂ ಇದ್ರೆ ಎರಡೂ ರೀತಿ ಹಾಕಬಹುದು. ‘ಎನ್‌ಪಿ’ ಅಂದ್ರೆ ಗದ್ದದ ಭಾಗ ರಕ್ಷಣೆಗೆ ಲೆಕ್ಕಕ್ಕಿಲ್ಲ. ‘ಜೆ’ ಇಲ್ಲದಿದ್ರೆ ಓಡಿಸುವಾಗ ಮುಚ್ಚಿಯೇ ಇಡಿ, ಎತ್ತೋದು ಗಾಡಿ ನಿಲ್ಲಿಸಿದ ಮೇಲೆ. ‘ಜೆ’ ಇದ್ರೂ ಹೈವೇಯಲ್ಲಿ ಎತ್ತಬೇಡಿ, ಗಾಳಿ ಹಿಡಿದು ಕುತ್ತಿಗೆ ಹಿಂದಕ್ಕೆ ಎಳೆಯುತ್ತೆ.

ತೂಕ: ಹಿಂಜ್, ಲಾಕ್ ಎಲ್ಲ ಸೇರಿ ಮಾಡ್ಯುಲರ್‌ಗಳು ಸಾಮಾನ್ಯವಾಗಿ ಒಂದೂವರೆ ಕೆಜಿ ಆಸುಪಾಸಿಗೋ ಅದಕ್ಕಿಂತ ಮೇಲೋ ಬರ್ತವೆ. ದಿನಾ ದೂರ ಓಡಿಸೋರು ಎರಡು ಮಾಡೆಲ್ ಒಂದಾದ ಮೇಲೊಂದು ಹಾಕಿ ಹೋಲಿಸಿ.

ಕನ್ನಡಕ: ನಿಮ್ಮ ಕನ್ನಡಕ ಹಾಕ್ಕೊಂಡೇ ನೋಡಿ. ಕಡ್ಡಿಗಳು ಕಿವಿ ಮೇಲೆ ಒತ್ತಬಾರದು. ಒಳಗೆ ಕಪ್ಪು ಸನ್ ವೈಸರ್ ಇದ್ರೆ ಅದನ್ನ ಪೂರ್ತಿ ಇಳಿಸಿ ನೋಡಿ, ಕನ್ನಡಕಕ್ಕೂ ಮೂಗಿಗೂ ತಾಗಬಾರದು. ಅಪ್ಪನಿಗೆ ಮೊದಲ ಮಾಡೆಲ್‌ನ ಮೀಡಿಯಂ ತಪ್ಪಿದ್ದು ಇದಕ್ಕೇ, ವೈಸರ್ ಫ್ರೇಮಿಗೆ ಬಡೀತಿತ್ತು. ಮೂರನೇ ಅಂಗಡಿಯಲ್ಲಿ ಸರಿಯಾದ್ದು ಸಿಕ್ತು. ಈಗ ಪರಿಚಯದವರು ಸಿಕ್ಕಿದ್ರೆ ಗಾಡಿ ನಿಲ್ಲಿಸಿ, ಗದ್ದ ಎತ್ತಿ, ಮಾತಾಡಿ, ಮುಚ್ಚಿ ಹೊರಡ್ತಾರೆ. ಹೆಲ್ಮೆಟ್ ತಲೆ ಮೇಲೇ ಇರುತ್ತೆ.

ದುಡ್ಡು ಕಡಿಮೆ ಇದ್ರೆ?

ಇದು ನಮ್ಮೆಲ್ಲರ ಪ್ರಶ್ನೆ. ಬ್ಲೂಟೂತ್ ಜಾಗ, ಗ್ರಾಫಿಕ್ಸ್, ಹಿಂದಿನ ರೆಕ್ಕೆ ಇವನ್ನೆಲ್ಲ ಬಿಡಬಹುದು. ಫಿಟ್ಟಿಂಗ್, ಐಎಸ್‌ಐ, ಲಾಕ್ ಈ ಮೂರನ್ನ ಬಿಡೋ ಹಾಗಿಲ್ಲ. ಬಜೆಟ್‌ನಲ್ಲಿ ಗಟ್ಟಿ ಲಾಕ್ ಇರೋ ಮಾಡ್ಯುಲರ್ ಸಿಗದಿದ್ರೆ ಸರಿಯಾಗಿ ಕೂರುವ ಸಾದಾ ಫುಲ್ ಫೇಸ್ ತಗೊಳ್ಳಿ, ಕಣ್ಣು ಮುಚ್ಚಿ ಹೇಳ್ತೀನಿ. ಪೊಲೀಸರಿಗೆ ತೋರಿಸೋಕೆ ಹಾಕೋ ಅರ್ಧ ಟೋಪಿಗೆ ಕೊಡೋ ದುಡ್ಡು ಮಾತ್ರ ಪೂರ್ತಿ ದಂಡ.

ಕೊನೆಗೆ, ಹಿಂದೆ ಕೂರೋರ ಬಗ್ಗೆ. ಕರ್ನಾಟಕದಲ್ಲಿ 2016ರ ಜನವರಿಯಿಂದಲೇ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಆದ್ರೆ ಹಾಸ್ಟೆಲ್‌ನಲ್ಲಿ ಎಕ್ಸ್‌ಟ್ರಾ ಹೆಲ್ಮೆಟ್ ಅಂದ್ರೆ ಯಾರ ತಲೆಗೂ ಸರಿ ಹೋಗದ ಒಂದು ಹಳೇದು, ಎಲ್ಲರಿಗೂ ಅದೇ. ನೀವು ಯಾವಾಗಲೂ ಒಬ್ಬರನ್ನೇ ಹಿಂದೆ ಕೂರಿಸ್ಕೊಂಡು ಹೋಗ್ತೀರಾದ್ರೆ, ಈ ಸಲ ಅಂಗಡಿಗೆ ಅವರನ್ನೂ ಕರ್ಕೊಂಡು ಹೋಗಿ. ಟೇಪ್ ಒಂದೇ ಸಾಕು, ತಲೆ ಎರಡು ಅಳೀರಿ.