ಮೊದಲು ರಸಮಟ್ಟ, ಆಮೇಲೆ ಗ್ಯಾಸು

ಹೊನ್ನಾಳಿಯ ನನ್ನ ಅಂಗಡಿಗೆ ‘ತಣ್ಣಗಾಗ್ತಿಲ್ಲ’ ಅಂತ ಬರುವ ಗ್ಯಾಸ್ ಫ್ರಿಜ್‌ಗಳಲ್ಲಿ ನಿಜವಾಗಿ ಕೆಟ್ಟಿರುವುದು ಅಪರೂಪ. ಇಬ್ಬರು ಎತ್ತಿ ವ್ಯಾನಿಗೆ ಹಾಕಬಹುದಾದ ಈ ಪೆಟ್ಟಿಗೆಗಳು ನಮ್ಮ ಭಾಗದಲ್ಲಿ ಕೆಲವರ ಹತ್ತಿರವಷ್ಟೇ ಇವೆ. ಚನ್ನಗಿರಿ ಕಡೆ ಅಡಿಕೆ ಹಂಗಾಮಿನಲ್ಲಿ ತೋಟದ ಮನೆಯಲ್ಲೇ ಉಳಿಯುವವರು, ಮದುವೆ ಅಡುಗೆ ಹಿಡಿಯುವವರು, ಫೆಬ್ರವರಿಯಲ್ಲಿ ಸೇವಾಲಾಲ್ ಜಯಂತಿಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಹೋಗಿ ಮಜ್ಜಿಗೆ, ತಂಪು ಪಾನೀಯ ಮಾರುವವರು. ರಿಪೇರಿಗೆ ತರುವ ಮೊದಲು ಅವರೇ ನೋಡಿಕೊಳ್ಳಬಹುದಾದ ಸಂಗತಿ ಬಹಳವಿದೆ.

ಈ ಫ್ರಿಜ್‌ನಲ್ಲಿ ಕಂಪ್ರೆಸರ್ ಇಲ್ಲ, ತಿರುಗುವ ಭಾಗ ಒಂದೂ ಇಲ್ಲ. 1922ರಲ್ಲಿ ಸ್ಟಾಕ್‌ಹೋಮ್‌ನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ರೂಪಿಸಿದ ವಿಧಾನವೇ ಇಂದಿಗೂ ನಡೆದಿದೆ. ಬೆಸುಗೆ ಹಾಕಿ ಮುಚ್ಚಿದ ಉಕ್ಕಿನ ಕೊಳವೆಯೊಳಗೆ ಅಮೋನಿಯಾ, ನೀರು, ಹೈಡ್ರೋಜನ್ ಇರುತ್ತವೆ. ಉರಿಯ ಬಿಸಿಗೆ ನೀರಿನಿಂದ ಬಿಟ್ಟ ಅಮೋನಿಯಾ ಆವಿಯಾಗಿ ಮೇಲೇರುತ್ತದೆ, ಹಿಂಬದಿಯಲ್ಲಿ ಬಿಸಿ ಕಳೆದುಕೊಂಡು ದ್ರವವಾಗುತ್ತದೆ, ಹೈಡ್ರೋಜನ್ ಜತೆ ಸೇರಿ ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಬಿಸಿ ಹೀರುತ್ತದೆ, ಕೊನೆಗೆ ನೀರಲ್ಲಿ ಕರಗಿ ಕೆಳಗಿಳಿಯುತ್ತದೆ. ಭದ್ರಾ ನಾಲೆಯ ನೀರಿನ ಹಾಗೆ ಒಳಗಿನ ದ್ರವವೂ ಇಳಿಜಾರು ಹಿಡಿದೇ ಹರಿಯಬೇಕು. ಪೆಟ್ಟಿಗೆ ಓರೆಯಾಗಿ ನಿಂತರೆ ಹರಿವು ಕಟ್ಟುತ್ತದೆ. ಉರಿ ಚೆನ್ನಾಗಿದ್ದರೂ ತಂಪಿಲ್ಲ. ಜಾತ್ರೆಯ ಬಯಲಲ್ಲಿ ಕಣ್ಣಂದಾಜಿಗೆ ಸಮ ಕಂಡ ನೆಲ ಸಮ ಇರುವುದಿಲ್ಲ. ಗಾರೆಯವರ ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ, ಹಲಗೆ ಚೂರು ಕೊಟ್ಟು ಸರಿ ಮಾಡಿ, ಆಮೇಲೆ ಹಚ್ಚಬೇಕು. ತಂಪು ಹಿಡಿಯಲು ಗಂಟೆಗಟ್ಟಲೆ ಬೇಕು, ಹಿಂದಿನ ರಾತ್ರಿಯೇ ಹಚ್ಚಿದರೆ ಒಳ್ಳೆಯದು.

ಮಟ್ಟ ಸರಿಯಿದ್ದೂ ತಣ್ಣಗಾಗದಿದ್ದರೆ ನಾನು ಮೊದಲು ಗ್ಯಾಸ್ ಬಿಚ್ಚಿ, ಕರೆಂಟಿನಲ್ಲೂ ನಡೆಯುವ ಈ ಪೆಟ್ಟಿಗೆಯನ್ನು ಕರೆಂಟಿಗೆ ಹಾಕುತ್ತೇನೆ. ಕರೆಂಟಿನಲ್ಲಿ ತಂಪಾಯಿತೆಂದರೆ ಕೊಳವೆಗಳು ಗಟ್ಟಿಮುಟ್ಟಾಗಿವೆ, ದೋಷ ಬರ್ನರ್ ಕಡೆ. ಈ ಒಂದು ಪರೀಕ್ಷೆ ಎಷ್ಟೋ ಜನರ ದುಡ್ಡು ಉಳಿಸಿದೆ. ಬರ್ನರ್ ಕಡೆಯಾದರೆ ಹೆಚ್ಚಾಗಿ ಧೂಳು, ಮಸಿ, ಜೇಡರ ಬಲೆ. ತೋಟದ ಮನೆಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಬರ್ನರ್ ನಳಿಗೆಯಲ್ಲಿ ಜೇಡ ಗೂಡು ಕಟ್ಟಿರುತ್ತದೆ. ಗಾಳಿ ಸಾಲದೆ ಉರಿ ಹಳದಿಯಾಗುತ್ತದೆ, ಮಸಿ ಕೂರುತ್ತದೆ. ಉರಿ ನೀಲಿಯಾಗಿರಬೇಕು. ಜೆಟ್ಟಿನ ರಂಧ್ರಕ್ಕೆ ಸೂಜಿ ಹಾಕಲೇಬೇಡಿ, ಒಮ್ಮೆ ಅಗಲವಾದರೆ ಅದು ಹೋದಂತೆಯೇ. ಸ್ಪಿರಿಟ್‌ನಲ್ಲಿ ನೆನೆಸಿ ಊದಿದರೆ ಸಾಕು. ಗುಂಡಿ ಬಿಟ್ಟ ತಕ್ಷಣ ಉರಿ ಆರಿದರೆ, ಉರಿಯ ಬಿಸಿ ಗ್ರಹಿಸುವ ಥರ್ಮೋಕಪಲ್ ಸಡಿಲವಾಗಿದೆಯೋ ಎಂದು ನೋಡಬೇಕು. ಅಡುಗೆಯವರು ದೊಡ್ಡ ಒಲೆಯ ಹೈ ಪ್ರೆಶರ್ ರೆಗ್ಯುಲೇಟರನ್ನೇ ಇದಕ್ಕೂ ಸಿಕ್ಕಿಸುತ್ತಾರೆ, ಅದು ಅಪಾಯ. ಮನೆ ಒಲೆಯದೇ ಸಾಕು, ಜೋಡಣೆಗೆ ಸೋಪಿನ ನೀರು ಹಚ್ಚಿ ಸೋರಿಕೆ ನೋಡಿಕೊಳ್ಳಿ. ಮುಚ್ಚಿದ ವ್ಯಾನಿನೊಳಗೆ ಉರಿಸಬಾರದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಉರಿಯಿಂದ ಏಳುವ ಕಾರ್ಬನ್ ಮೊನಾಕ್ಸೈಡ್ ವಾಸನೆಗೂ ಸಿಗದು.

ಜಗಳೂರಿನ ಪ್ರಶ್ನೆ ಬೇರೆ. ಅಲ್ಲಿಂದ ಬರುವವರು ಕೇಳುವುದು ಮಜ್ಜಿಗೆಯ ಮಾತಲ್ಲ. ಇನ್ಸುಲಿನ್, ಕುರಿ ಲಸಿಕೆ ಇಡಬಹುದಾ ಅಂತ. ನಾನು ಬೇಡ ಅನ್ನುತ್ತೇನೆ, ವ್ಯಾಪಾರ ಹೋದರೂ ಸರಿ. ಈ ಬಗೆಯ ಪೆಟ್ಟಿಗೆ ಹೊರಗಿನ ಬಿಸಿಗಿಂತ ಸುಮಾರು 25–30 ಡಿಗ್ರಿಯಷ್ಟೇ ಇಳಿಸಬಲ್ಲದು. ಬೇಸಿಗೆ ಮಧ್ಯಾಹ್ನ ಹೊರಗೆ 40 ಇದ್ದರೆ ಒಳಗೆ 10–15. ಲಸಿಕೆಗೆ ಬೇಕಾದದ್ದು 2ರಿಂದ 8. ಅದೇ ಪೆಟ್ಟಿಗೆ ರಾತ್ರಿ ತಂಪೇರಿದಾಗ, ಗ್ಯಾಸಿನಲ್ಲಿ ಥರ್ಮೋಸ್ಟ್ಯಾಟ್ ಇಲ್ಲದ ಮಾದರಿಯಾದರೆ, ಒಳಗಿನ ತಂಪು ರೆಕ್ಕೆ ಪಟ್ಟಿಗೆ ತಾಗಿದ ಬಾಟಲಿಯನ್ನು ಹೆಪ್ಪುಗಟ್ಟಿಸಲೂಬಹುದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ತಿಳಿಯಾಗಿ ಕಂಡರೂ ಎಸೆಯಬೇಕಾದದ್ದೇ. ನೋಡಿದರೆ ಗೊತ್ತಾಗದ ಕೆಡುಕು ಅದು, ಅದಕ್ಕೇ ನನಗೆ ಹೆದರಿಕೆ. ಲಸಿಕೆಗೆ ಆಸ್ಪತ್ರೆಯವರ ಐಸ್ ಪ್ಯಾಕ್ ಹಾಕಿದ ವ್ಯಾಕ್ಸಿನ್ ಕ್ಯಾರಿಯರೇ ಸರಿ. ತೆರೆದು ಬಳಸುತ್ತಿರುವ ಇನ್ಸುಲಿನ್ನಿಗೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆ ಈ ಪೆಟ್ಟಿಗೆಗಿಂತ ನಂಬಿಕಸ್ತ. ಎಷ್ಟು ದಿನ ಎಂಬುದನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು. ಹಾಲು, ಮೊಸರಿಗೂ ಇದನ್ನು ನೆರಳಲ್ಲೇ ಇಟ್ಟು, ಹಿಂಬದಿಗೆ ಗಾಳಿಯಾಡಲು ಜಾಗ ಬಿಡಬೇಕು.

ಕರೆಂಟಿನಲ್ಲೂ ತಂಪಾಗದಿದ್ದರೆ, ಹಿಂದಿನ ಕೊಳವೆಯ ಬಳಿ ಹಳದಿ ಕಲೆ, ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಇದ್ದರೆ ಒಳಗಿನದು ಸೋರಿದೆ. ಆಗ ಉರಿ ಆರಿಸಿ, ಸಿಲಿಂಡರ್ ಮುಚ್ಚಿ, ಪೆಟ್ಟಿಗೆಯನ್ನು ಬಯಲಿಗೆ ಸಾಗಿಸಿ, ಜನ ದೂರ ನಿಲ್ಲಬೇಕು. ಬೆಸುಗೆ ಹಾಕಿ ಕೊಡಿ ಎಂದು ಕೇಳಿದವರಿದ್ದಾರೆ. ಒಳಗೆ ಒತ್ತಡದಲ್ಲಿ ಹೈಡ್ರೋಜನ್ ಇರುವ ಕೊಳವೆಗೆ ನಾನು ಬೆಂಕಿ ಹಿಡಿಯುವುದಿಲ್ಲ. ಹೊಸ ಕೂಲಿಂಗ್ ಯೂನಿಟ್ ಸಿಕ್ಕರೆ ಹಾಕುತ್ತೇನೆ, ಇಲ್ಲದಿದ್ದರೆ ಐಸ್ ಪೆಟ್ಟಿಗೆಯಾಗಿ ಬಳಸಿ ಎಂದು ಹೇಳಿ ಕಳಿಸುತ್ತೇನೆ.