ಕೆಂಪು ಇಳಿದರೆ ಕಾಯಿಲೆ ವಾಸಿಯಾಯಿತೇ?

ಮಕ್ಕಳೇ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ರೈತರು ಭತ್ತದ ಗದ್ದೆಗೆ ಜಿಂಕ್ ಸಲ್ಫೇಟ್ ಹಾಕುವುದನ್ನು ನೋಡಿದ್ದೀರಾ? ಜಿಂಕ್ ಎಂದರೆ ಸತು. ಅದು ಸಾಲದಿದ್ದರೆ ಭತ್ತದ ಎಲೆಯಲ್ಲಿ ಕಂದು ಚುಕ್ಕೆಗಳು ಮೂಡುತ್ತವೆ.

ನಮಗೂ ಸತು ಬೇಕು. ಕೊರತೆ ಹೆಚ್ಚಾದರೆ ಬಾಯಿಯ ಸುತ್ತ, ಕೈಕಾಲುಗಳಲ್ಲಿ ಚರ್ಮ ಕೆಂಪಾಗಿ ಉರಿಯೂತ ಬರುತ್ತದೆ.

ಉರಿಯೂತ ಇಳಿಸುವ ಔಷಧ ಇದಕ್ಕೆ ಸಾಕೇ? ಪರೀಕ್ಷಿಸಲು, ಸತುವಿಲ್ಲದ ಆಹಾರ ತಿಂದ ಇಲಿಗಳನ್ನು ಮೂರು ಗುಂಪು ಮಾಡಬೇಕು. ಒಂದಕ್ಕೆ ಔಷಧ, ಇನ್ನೊಂದಕ್ಕೆ ಸತು. ಹೋಲಿಸಿ ನೋಡಲು ಮೂರನೆಯದಕ್ಕೆ ಎರಡೂ ಇಲ್ಲ. ಔಷಧ ಕೆಂಪನ್ನು ತಗ್ಗಿಸಬಹುದು; ಕೊರತೆಯನ್ನು ತುಂಬಲಾರದು.

ಹುಟ್ಟಿನಿಂದಲೇ ಸತುವನ್ನು ಸರಿಯಾಗಿ ಹೀರಿಕೊಳ್ಳಲಾಗದ ಮಕ್ಕಳ ಚರ್ಮರೋಗ ಸತುವಿನಿಂದಲೇ ಗುಣವಾಗುತ್ತದೆಂದು 1973ರಲ್ಲಿ ಲಂಡನ್ನಿನ ವೈದ್ಯರು ಕಂಡುಕೊಂಡರು.

ಕಡಲೆಕಾಯಿ, ಕಾಳು, ಮೊಟ್ಟೆಯಲ್ಲಿ ಸತುವಿದೆ. ಚರ್ಮ ಕೆಂಪಾಗಲು ಬೇರೆ ಕಾರಣಗಳೂ ಇವೆ; ವೈದ್ಯರಿಗೆ ತೋರಿಸಿ.