ಹಿಸ್ಟರಿ ಬರೆಯಲು ಕಲಿತ ಎರಡು ವರ್ಷ

ನಮ್ಮ ಸೀಮೆಯ ಹೆಸರು ಮನೋವೈದ್ಯಶಾಸ್ತ್ರದ ಪಠ್ಯಪುಸ್ತಕಗಳಲ್ಲಿದೆ ಎಂಬುದು ನನಗೆ ಗೊತ್ತಾದದ್ದು ಧಾರವಾಡದಲ್ಲಿ, ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್. ಓದಲು ಸೇರಿದ ಮೇಲೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ತೋರಿಸಲು ಬೆಂಗಳೂರಿನ ನಿಮ್ಹಾನ್ಸ್ ಎಂಬತ್ತರ ದಶಕದಲ್ಲಿ ಆರಿಸಿಕೊಂಡದ್ದು ಬಳ್ಳಾರಿಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ತೀವ್ರ ಮನೋರೋಗ, ಖಿನ್ನತೆ, ಮೂರ್ಛೆರೋಗ, ಬುದ್ಧಿಮಾಂದ್ಯ ಇಷ್ಟನ್ನು ಗುರುತಿಸುವುದು, ಬೇಕಾದ ಕೆಲವೇ ಮಾತ್ರೆಗಳನ್ನು ಹತ್ತಿರದ ಆಸ್ಪತ್ರೆಯಲ್ಲೇ ಸಿಗುವ ಹಾಗೆ ಮಾಡುವುದು, ಸರಳವಾದ ದಾಖಲೆ ಇಡುವುದು, ಕೆಲಸ ಇಷ್ಟೇ. ಈ ‘ಬಳ್ಳಾರಿ ಮಾದರಿ’ಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಆ ಪ್ರಯೋಗ ನಡೆದಾಗ ನಮ್ಮ ಸೀಮೆಯ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ನಾಲ್ಕೂ ಬಳ್ಳಾರಿ ಜಿಲ್ಲೆಯ ತಾಲೂಕುಗಳು. ಕೊಟ್ಟೂರು ಕೂಡ್ಲಿಗಿ ತಾಲೂಕಿನೊಳಗಿತ್ತು, ಹರಪನಹಳ್ಳಿ ಇನ್ನೂ ದಾವಣಗೆರೆ ಜಿಲ್ಲೆಗೆ ಸೇರಿ ಮರಳಿ ಬಂದಿರಲಿಲ್ಲ. ಈಗ ಐದೂ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಲ್ಲಿವೆ. ಗಣಿ, ಬಿಸಿಲು, ಬರ, ಗುಳೆ ಎಂದಷ್ಟೇ ಹೊರಗಿನವರ ಬಾಯಲ್ಲಿ ಕೇಳಿದ್ದ ನಾಡಿನ ಹೆಸರು ಬೋರ್ಡಿನ ಮೇಲೆ ಗೌರವದಿಂದ ಬರೆದದ್ದನ್ನು ನೋಡಿ ನನ್ನ ಎದೆ ತುಂಬಿತ್ತು. ಆವತ್ತಿನಿಂದ ಪ್ರತಿ ಪಾಠವನ್ನೂ ಊರಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳಿದೆ. ಈ ಓದಿಗೆ ಬರಬೇಕೆಂದಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಹೇಳಬೇಕಾದ್ದೂ ಅದನ್ನೇ: ನೀವು ಕೊರತೆ ಎಂದುಕೊಂಡಿರುವ ಹಳ್ಳಿಯ ತಿಳಿವಳಿಕೆ ಈ ಕೆಲಸದಲ್ಲಿ ದೊಡ್ಡ ಬಂಡವಾಳ.

ಎಂ.ಎ. ಮನೋವಿಜ್ಞಾನದಲ್ಲಿ ಫ್ರಾಯ್ಡ್, ಸ್ಕಿನ್ನರ್, ಸಂಖ್ಯಾಶಾಸ್ತ್ರ ಎಲ್ಲ ಬಂದಿರುತ್ತವೆ. ಆದರೆ ರೋಗಿಯ ಎದುರು ಕೂತು ಮಾತಾಡಿಸುವುದು ಬಂದಿರುವುದಿಲ್ಲ. ಅದಕ್ಕೇ ಎಂ.ಫಿಲ್.ನ ಎರಡು ವರ್ಷ ಪೂರ್ಣಾವಧಿ, ಆಸ್ಪತ್ರೆಯಲ್ಲೇ. ಮೊದಲ ವರ್ಷ ಹೆಚ್ಚಾಗಿ ರೋಗಪರಿಚಯ ಮತ್ತು ಮನೋಪರೀಕ್ಷೆಗಳು, ಎರಡನೆಯ ವರ್ಷ ಚಿಕಿತ್ಸೆ, ಮಿದುಳಿನ ಶಾಸ್ತ್ರ, ಪ್ರಬಂಧ. ಬೆಳಿಗ್ಗೆ ಹೊರರೋಗಿ ವಿಭಾಗ, ಮಧ್ಯಾಹ್ನ ವಾರ್ಡು, ಸಂಜೆ ಕೇಸ್ ಮಂಡನೆ. 1845ರಷ್ಟು ಹಿಂದೆ ಹುಚ್ಚಾಸ್ಪತ್ರೆಯಾಗಿ ಶುರುವಾದ ಡಿಮ್ಹಾನ್ಸ್‌ನಲ್ಲಿ ಇಂದಿನ ವಿದ್ಯಾರ್ಥಿಗಳು ರೋಗಿಗಳ ಪಕ್ಕ ಕೂತು ಕಲಿಯುತ್ತಾರೆ ಎಂಬುದೇ ನನಗೆ ದೊಡ್ಡ ಮಾತು.

ಇಡೀ ತರಬೇತಿಯ ಬೆನ್ನುಮೂಳೆ ಕೇಸ್ ಹಿಸ್ಟರಿ. ಯಾರು ಕರೆತಂದರು, ಅವರ ಮಾತನ್ನು ಎಷ್ಟು ನಂಬಬಹುದು, ತೊಂದರೆ ಏನು, ಎಂದಿನಿಂದ, ಮೊದಲು ಕಂಡದ್ದು ಯಾವುದು, ಆಮೇಲೆ ಸೇರಿಕೊಂಡದ್ದು ಯಾವುದು, ಏನು ಇಲ್ಲ, ಮೂರು ತಲೆಮಾರಿನಲ್ಲಿ ಯಾರಿಗೆ ಏನಿತ್ತು, ಹುಟ್ಟು, ಶಾಲೆ, ದುಡಿಮೆ, ಮದುವೆ, ಕಾಯಿಲೆಗೆ ಮುಂಚೆ ಈ ಮನುಷ್ಯ ಹೇಗಿದ್ದ. ಪುಟಗಟ್ಟಲೆ ಆಗುತ್ತದೆ. ‘ನಿದ್ದೆ ಕಡಿಮೆ’ ಎಂದು ಬರೆದರೆ ಸಾಲದು. ಮಲಗಿದ ಮೇಲೆ ಬರುವುದು ತಡವೇ, ನಡುರಾತ್ರಿ ಎಚ್ಚರವೇ, ಕೋಳಿ ಕೂಗುವ ಮುಂಚೆ ಎದ್ದು ಕೂರುವುದೇ, ಎಲ್ಲ ಬೇಕು. ಇದರಲ್ಲಿ ಕೊನೆಯದು ತೀವ್ರ ಖಿನ್ನತೆಯ ಕಡೆಗೆ ಬೊಟ್ಟು ಮಾಡುತ್ತದೆ. ಶೇಂಗಾ ಬಿತ್ತುವ ಹೊತ್ತಿನಲ್ಲಿ ರೈತನೊಬ್ಬ ಹೊಲದ ಕಡೆ ತಿರುಗಿಯೂ ನೋಡಲಿಲ್ಲ ಎಂದು ಹೆಂಡತಿ ಹೇಳಿದರೆ ಆ ಒಂದು ವಾಕ್ಯದ ತೂಕ ಒಕ್ಕಲು ಮನೆಯಲ್ಲಿ ಬೆಳೆದವರಿಗೆ ಕೂಡಲೇ ಗೊತ್ತಾಗುತ್ತದೆ. (ಇಲ್ಲಿ ಬರುವ ರೋಗಿಗಳ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.)

ಹಿಸ್ಟರಿಯ ಜೊತೆಗೇ ಮಾನಸಿಕ ಸ್ಥಿತಿಯ ಪರೀಕ್ಷೆ. ದಿನ, ಸ್ಥಳ, ವ್ಯಕ್ತಿಗಳ ಅರಿವು ಇದೆಯೇ, ಗಮನ ನಿಲ್ಲುತ್ತದೆಯೇ, ನೆನಪು, ವಿವೇಚನೆ, ತನಗೆ ಕಾಯಿಲೆ ಇದೆ ಎಂಬ ತಿಳಿವು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎನ್ನುವುದು ರೂಢಿಯ ಪ್ರಶ್ನೆ. ಶಾಲೆಯ ಮೆಟ್ಟಿಲು ಹತ್ತದವರಿಗೆ ನಲವತ್ತರಿಂದ ಮೂರು, ಇಪ್ಪತ್ತರಿಂದ ಒಂದು ಕೇಳುತ್ತೇವೆ. ಹಗರಿಬೊಮ್ಮನಹಳ್ಳಿ ಕಡೆಯ ಅಜ್ಜಿಯೊಬ್ಬರಿಗೆ ಇವತ್ತು ತಾರೀಖು ಎಷ್ಟು ಎಂದರೆ ಉತ್ತರವಿರಲಿಲ್ಲ. ಯಾವ ಹುಣ್ಣಿಮೆ ಆಯಿತು ಅಜ್ಜಿ ಎಂದಾಗ, “ಬನದ ಹುಣ್ಣಿಮಿ ಆಗಿ ನಾಕು ದಿನ ಆತು, ಭಾರತ ಹುಣ್ಣಿಮಿ ಇನ್ನ ಬರಬೇಕು” ಎಂದರು. ಕಾಲದ ಅರಿವು ಸರಿಯಾಗಿದೆ ಎಂದು ಬರೆದೆ. ಅದೇ ಅಜ್ಜಿಯನ್ನು ಪಂಚಾಂಗ ನೋಡದ ಊರಿನಿಂದ ಬಂದವರು ಕೇಳಿದ್ದರೆ ಮರೆವಿನ ಕಾಯಿಲೆಯ ಅನುಮಾನ ಹುಟ್ಟಬಹುದಿತ್ತು.

ಪರೀಕ್ಷೆಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೊಸ ವಿದ್ಯಾರ್ಥಿಗಳಿಗೆ ರೋರ್ಶಾಕ್‌ನ ಮಸಿಚಿತ್ರಗಳ ಮೇಲೆ ಭಾರೀ ಕುತೂಹಲ. ತಾಲೂಕಿನ ಕೆಲಸದಲ್ಲಿ ದಿನವೂ ಬೇಕಾಗುವುದು ಮಕ್ಕಳ ಬುದ್ಧಿಮಟ್ಟದ ಪರೀಕ್ಷೆ, ಏಕೆಂದರೆ ಅಂಗವಿಕಲತೆಯ ಪ್ರಮಾಣಪತ್ರ, ಮಾಸಾಶನ, ಶಾಲೆಯ ಸೌಲಭ್ಯ ಎಲ್ಲ ಅದರ ಮೇಲೆ ನಿಂತಿವೆ. ಬಿನೆ ಪರೀಕ್ಷೆಯನ್ನು ವಿ.ವಿ. ಕಾಮತರು 1930ರ ದಶಕದಲ್ಲಿ ಮುಂಬೈ ಪ್ರಾಂತ್ಯದ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಆ ಕಾಲಕ್ಕೆ ನಮ್ಮ ತಾಲೂಕುಗಳು ಮದರಾಸು ಪ್ರಾಂತ್ಯದಲ್ಲಿದ್ದವು ಎಂಬುದು ಬೇರೆ ಮಾತು. ಮಾತಿನ ಪ್ರಶ್ನೆಗಳೇ ಹೆಚ್ಚಿರುವ ಈ ಪರೀಕ್ಷೆಯನ್ನು, ಮನೆಯಲ್ಲಿ ಲಂಬಾಣಿ ಮಾತಾಡುವ ಹರಪನಹಳ್ಳಿ ತಾಂಡಾದ ಮಗುವಿಗೆ ಕನ್ನಡದಲ್ಲಿ ಕೊಟ್ಟು ಅಂಕ ಕೂಡಿಸಿ ಕೈತೊಳೆದುಕೊಳ್ಳುವುದು ಅನ್ಯಾಯ. ಆಗ ಸಿ.ಎಂ. ಭಾಟಿಯಾ ಅವರ ಪರೀಕ್ಷಾ ಮಾಲೆ ನೆರವಿಗೆ ಬರುತ್ತದೆ. ಬಣ್ಣದ ಘನಗಳನ್ನು ಜೋಡಿಸುವುದು, ಚಿತ್ರದ ತುಂಡುಗಳನ್ನು ಕೂಡಿಸುವುದು, ಹೀಗೆ ಕೈಯಿಂದ ಮಾಡಿ ತೋರಿಸುವ ಕೆಲಸವೇ ಅದರಲ್ಲಿ ಹೆಚ್ಚು, ಓದು ಬಾರದವರಿಗೆ ಬೇರೆಯೇ ಮಾನದಂಡವೂ ಇದೆ. ಅದೂ ಉತ್ತರ ಪ್ರದೇಶದ ಹುಡುಗರ ಮೇಲೆ ತಯಾರಾಗಿ 1955ರಲ್ಲಿ ಪ್ರಕಟವಾದದ್ದು. ಆದ್ದರಿಂದ ಅಂಕದ ಜೊತೆಗೆ ಮಗು ಬಾವಿಯಿಂದ ನೀರು ತರುತ್ತದೆಯೇ, ಆಡು ಕಾಯುತ್ತದೆಯೇ, ಅಂಗಡಿಯಿಂದ ಸರಿಯಾದ ಚಿಲ್ಲರೆ ತರುತ್ತದೆಯೇ ಎಂದು ತಾಯಿಯನ್ನು ಕೇಳಿ ಬರೆಯಬೇಕು. ಒಂದು ಸಂಖ್ಯೆ ಮಗುವಿನ ಹೆಸರಿನೊಂದಿಗೆ ಬದುಕಿಡೀ ಅಂಟಿಕೊಳ್ಳುತ್ತದೆ. ಅದನ್ನು ಬರೆಯುವ ಕೈಗೆ ಭಯ ಇರಬೇಕು ಎಂದು ನಮ್ಮ ಮೇಡಂ ಹೇಳುತ್ತಿದ್ದರು.

ನಮ್ಮ ಕಡೆ ರೋಗಿ ಒಬ್ಬರೇ ಬರುವುದಿಲ್ಲ. ಅವ್ವ, ಅಣ್ಣ, ಸೋದರಮಾವ, ಕೆಲವೊಮ್ಮೆ ಊರಿನ ಹಿರಿಯರೂ ಬರುತ್ತಾರೆ. ಇಂಗ್ಲಿಷ್ ಪುಸ್ತಕಗಳಲ್ಲಿ ಚಿಕಿತ್ಸೆ ಎಂದರೆ ಎರಡು ಕುರ್ಚಿ, ಇಬ್ಬರು ಮನುಷ್ಯರು. ಆದರೆ 1950ರ ದಶಕದಲ್ಲೇ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡಿದ್ದರು. ನಮ್ಮ ಜನಕ್ಕೆ ಒಗ್ಗುವುದು ಅದು. ನಾನು ಮೊದಲು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳುತ್ತೇನೆ. ಆಮೇಲೆ ರೋಗಿಗೆ ಮಾತ್ರ ಸೇರಿದ ಹೊತ್ತನ್ನು ಗಟ್ಟಿಯಾಗಿ ಕಾಯುತ್ತೇನೆ, ಅದರಲ್ಲೂ ಸೊಸೆಯಂದಿರ ವಿಷಯದಲ್ಲಿ. ಅತ್ತೆಯ ಎದುರು ಎದೆ ಡವಗುಡುತ್ತದೆ ಎಂದಷ್ಟೇ ಹೇಳಿದ ಹೆಣ್ಣುಮಗಳು ಬಾಗಿಲು ಮುಚ್ಚಿದ ಮೇಲೆ ಹೇಳುವುದು ಬೇರೆಯೇ ಇರುತ್ತದೆ.

ದೇವರ ಮಾತು ಬಂದೇ ಬರುತ್ತದೆ. ಮೈಲಾರದ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ವರ್ಷವಿಡೀ ನೆನೆಯುವ ಜನ ನಾವು. ಆಸ್ಪತ್ರೆಗೆ ಬರುವ ಮುನ್ನ ಯಾವ ಗುಡಿಗೆ ಹೋದಿರಿ, ಯಾರು ತಾಯತ ಕಟ್ಟಿದರು ಎಂದು ಕೇಳುವುದೂ ಹಿಸ್ಟರಿಯ ಭಾಗ. ತೀರ್ಪು ಕೊಡುವ ದನಿಯಿಲ್ಲದೆ ಕೇಳಿದರೆ ಜನ ಹೇಳುತ್ತಾರೆ. ಹರಕೆಯ ಜೊತೆಗೇ ಮಾತ್ರೆಯೂ ನಡೆಯಲಿ ಎಂದರೆ ಬಹುತೇಕರು ಒಪ್ಪುತ್ತಾರೆ. ನಾನು ಪಟ್ಟು ಸಡಿಲಿಸದಿರುವುದು ಎರಡು ಕಡೆ: ಫಿಟ್ಸ್ ಬರುವ ಮಗುವಿನ ಮಾತ್ರೆ ಒಂದು ದಿನವೂ ತಪ್ಪಬಾರದು, ಮತ್ತು ಯಾರನ್ನೂ ಕಟ್ಟಿಹಾಕಬಾರದು, ಹೊಡೆಯಬಾರದು. ಖಿನ್ನತೆಯಿಂದ ಹಾಸಿಗೆ ಬಿಟ್ಟೇಳದ ಕೊಟ್ಟೂರಿನ ಒಬ್ಬರಿಗೆ ದಿನದ ಚಟುವಟಿಕೆಯ ಪಟ್ಟಿ ಮಾಡುವಾಗ ಮೊದಲ ಸಾಲು ಕೊಟ್ಟೂರೇಶ್ವರನ ಗುಡಿಯವರೆಗೆ ನಡೆಯುವುದೇ ಆಗಿತ್ತು. ವ್ಯಾಯಾಮ ಮಾಡಿ ಎಂದಿದ್ದರೆ ಅವರು ಎದ್ದೇಳುತ್ತಿರಲಿಲ್ಲ.

ಸಾಯಬೇಕು ಅನಿಸುತ್ತದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಸುಳ್ಳು. ಯಾರೋ ಕೊನೆಗೂ ಕೇಳಿದರಲ್ಲ ಎಂದು ಜನ ಹಗುರಾಗುವುದನ್ನು ನಾನು ನೋಡಿದ್ದೇನೆ. ಹೊಲಕ್ಕೆ ಹೊಡೆಯುವ ಔಷಧ ಮನೆಯ ಮಾಡಿನಲ್ಲಿರದೆ ಬೀಗದೊಳಗೆ ಇರಲಿ ಎಂದು ಮನೆಯವರಿಗೆ ಹೇಳುವುದು ಎಷ್ಟೋ ಮಾತಿನ ಚಿಕಿತ್ಸೆಗಿಂತ ಮೊದಲು ಆಗಬೇಕಾದ ಕೆಲಸ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಪೊಲೀಸರ ಹೆದರಿಕೆಯಿಂದ ಮುಚ್ಚಿಡುವ ಕುಟುಂಬಗಳಿಗೆ ಇದನ್ನು ತಿಳಿಸಿ ಹೇಳಬೇಕು. ರಾತ್ರಿ ಹೊತ್ತಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ವಾರಕ್ಕೊಮ್ಮೆ ಬನ್ನಿ, ಮುಕ್ಕಾಲು ಗಂಟೆ ಕೂತು ಮಾತಾಡೋಣ ಎನ್ನುವುದು ಪುಸ್ತಕದ ಕ್ರಮ. ಕೂಡ್ಲಿಗಿ ತಾಲೂಕಿನ ಗುಡೇಕೋಟೆ ಕಡೆಯವರಿಗೆ ಅದೆಂದರೆ ಒಂದು ದಿನದ ಕೂಲಿ ಹೋದಂತೆ. ಹಾಗಾಗಿ ಒಂದೇ ಭೇಟಿಯಲ್ಲಿ ಅವರು ಮನೆಗೆ ಒಯ್ದು ಬಳಸಬಹುದಾದ ಒಂದು ಕೆಲಸವನ್ನಾದರೂ ಕಲಿಸಿ ಕಳಿಸುವ ಶಿಸ್ತನ್ನು ಬೆಳೆಸಿಕೊಂಡೆ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತವಾದ ಮೇಲೆ ಎರಡನೆಯ, ಮೂರನೆಯ ಭೇಟಿಗೆ ಬರುವ ತಾಯಂದಿರನ್ನು ನಾನು ಹೆಚ್ಚಾಗಿ ಕಂಡಿದ್ದೇನೆ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವೂ ಇದೆ. ಆಶಾ ಕಾರ್ಯಕರ್ತೆಯರಿಗೆ ಆ ದಿನ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಕೊನೆಗೆ, ಸೇರಬೇಕೆನ್ನುವವರಿಗೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಕೋರ್ಸು ಮತ್ತು ಅದರ ರಿಜಿಸ್ಟರಿನಲ್ಲಿ ಹೆಸರು ಬೇಕು. ಬರೀ ಮನೋವಿಜ್ಞಾನದ ಎಂ.ಎ. ಅಥವಾ ಕೆಲವು ವಾರಗಳ ಆಪ್ತಸಮಾಲೋಚನೆ ಸರ್ಟಿಫಿಕೇಟು ಸಾಲದು. ಹೊಸ ಶಿಕ್ಷಣ ನೀತಿಯಲ್ಲಿ ಎಂ.ಫಿಲ್. ಪದವಿಯೇ ಕೈಬಿಟ್ಟುಹೋಗಿದೆ. ಈ ವಿಷಯಕ್ಕೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ ಮಾತ್ರ ಯುಜಿಸಿ 2024ರಲ್ಲಿ 2025–26ರ ಸಾಲಿನವರೆಗೆ ಅವಕಾಶ ಕೊಟ್ಟಿತು. ಆರ್‌ಸಿಐ ಈಗ ಕ್ಲಿನಿಕಲ್ ಸೈಕಾಲಜಿಯಲ್ಲೇ ಬಿ.ಎಸ್‌ಸಿ. ಆನರ್ಸ್, ಎಂ.ಎ., ಸೈ.ಡಿ. ಕೋರ್ಸುಗಳನ್ನು ತಂದಿದೆ. ಫೀಸು ಕಟ್ಟುವ ಮುನ್ನ ಆ ಸಂಸ್ಥೆ, ಆ ಕೋರ್ಸು, ಆ ವರ್ಷಕ್ಕೆ ಆರ್‌ಸಿಐ ಪಟ್ಟಿಯಲ್ಲಿದೆಯೇ ಎಂದು ಕಣ್ಣಾರೆ ನೋಡಿ. ಪಠ್ಯ ಇಂಗ್ಲಿಷಿನಲ್ಲಿರುತ್ತದೆ, ಕನ್ನಡ ಮಾಧ್ಯಮದವರಿಗೆ ಮೊದಲ ಕೆಲವು ತಿಂಗಳು ಕಷ್ಟವೇ. ಸೇರುವ ಮುನ್ನವೇ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳನ್ನು ಓದಿಕೊಂಡು ಬಂದರೆ ರೋಗಗಳ ಪರಿಚಯ ಆಗಿರುತ್ತದೆ, ವಾರ್ಡಿನಲ್ಲಿ ರೋಗಿಗೆ ವಿವರಿಸುವ ಮಾತೂ ನಾಲಿಗೆಯ ಮೇಲಿರುತ್ತದೆ.